ಗಂಡನ ಹೆಸರಿನ ಪ್ರಶ್ನೆ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಕುಂದಾಪುರಕ್ಕೆ ಬಂದೆ. ಹುದ್ದೆ ಕಿರಿಯ ಸಂಶೋಧಕಿ, ವಿಷಯ ಅಫೇಸಿಯಾ. ಪಾರ್ಶ್ವವಾಯುವಿನಿಂದ ಮಿದುಳಿನ ಭಾಷೆಯ ಭಾಗಕ್ಕೆ ಪೆಟ್ಟಾದಾಗ, ಬುದ್ಧಿ ನೆಟ್ಟಗಿದ್ದೂ ಮಾತು ಸಿಗದಂತಾಗುತ್ತದಲ್ಲ, ಅದೇ. ಬಳ್ಳಾರಿ ಕಡೆಯವಳಾದ ನನಗೆ ಈ ಊರಿನ ಕನ್ನಡ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ಸುಮ್ಮನೆ ನಗುತ್ತಿದ್ದೆ. ದಿನವಿಡೀ ಮಾತಿನದೇ ಕೆಲಸ. ಸಂಜೆ ಬಾಡಿಗೆ ಕೋಣೆಗೆ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಸಾರ್ವಜನಿಕ ಕಾರ್ಯಕ್ರಮ ಮಾಡುವುದೂ ಯೋಜನೆಯ ಭಾಗ. ತಲ್ಲೂರಿನ ಸಭಾಭವನವೊಂದರಲ್ಲಿ ಪಾರ್ಶ್ವವಾಯುವಿನ ಬಗ್ಗೆ ಮಾತಾಡಿದೆ. ಬಂದ ಕೆಲವೇ ಮಂದಿಯೂ ಸ್ಲೈಡು ಮುಗಿಯುವಷ್ಟರಲ್ಲಿ ಚಹಾ, ಬನ್ಸ್ ಮುಗಿಸಿ ಎದ್ದಿದ್ದರು. ಜನ ತುಂಬಿದ ಫೋಟೊ ಬೇಕೆಂದ ಮೇಲಿನವರಿಗೆ ಏನು ಕಳಿಸುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಉಳಿದಿದ್ದ ಒಬ್ಬರು ಹತ್ತಿರ ಬಂದರು. ಮೀನುಗಾರಿಕೆಯ ಗೋವಿಂದಣ್ಣ.

"ಹೋದ್ ಮಾತ್ ತಿರ್ಗಿ ಬತ್ತಾ ಮೇಡಂ?"

ಅವರ ಹೆಂಡತಿ ಗುಲಾಬಿಯಕ್ಕ ವಂಡ್ಸೆಯವರೆಗೂ ಹೋಗಿ ಮೀನು ಮಾರುತ್ತಿದ್ದವರು. ಪಾರ್ಶ್ವವಾಯುವಾದ ಮೇಲೆ ಕೈಕಾಲು ಸುಧಾರಿಸಿತ್ತು, ಮಾತು ಹೋಗಿತ್ತು. ನಾನು ವಾರಕ್ಕೆರಡು ಸಲ ಅವರ ಮನೆಗೆ ಹೋಗತೊಡಗಿದೆ. ಆ ಹೊತ್ತಿಗೆ ಗೋವಿಂದಣ್ಣ ಕಡಲಿನಲ್ಲಿರುತ್ತಿದ್ದರು. ಪರೀಕ್ಷೆಯ ಕಾರ್ಡುಗಳಲ್ಲಿನ ಚಿತ್ರ ತೋರಿಸಿದರೆ ಬಂಗುಡೆ, ಕತ್ತಿ, ಕೊಡ ಎಂದು ಗುಲಾಬಿಯಕ್ಕ ತಡವರಿಸುತ್ತಲೇ ಹೇಳುತ್ತಿದ್ದರು. 'ಗಂಡನ ಹೆಸರೇನು?' ಎಂದರೆ ಮಾತ್ರ ತುಟಿ ಬಿಗಿದು ನೆಲ ನೋಡುವರು. ಮನೆಯವರ ಹೆಸರಿಗೇ ಮೊದಲ ಒತ್ತು ಎಂದು ಕಲಿತಿದ್ದ ನಾನು ಹಟ ಹಿಡಿದೆ. 'ಗೋ... ಗೋವಿಂ...' ಎಂದು ವಾರಗಟ್ಟಲೆ ನಾನೊಬ್ಬಳೇ ಹೇಳಿದ್ದೇ ಬಂತು. ಕೊನೆಗೆ ನನ್ನ ಚೀಲ ಕಂಡರೆ ಸಾಕು, ಅವರು ಗೋಡೆಗೆ ಮುಖ ತಿರುಗಿಸುತ್ತಿದ್ದರು.

ಸುಧಾರಣೆ ಕಾಣದವರನ್ನು ಬಿಟ್ಟು ಬೇರೆಯವರನ್ನು ನೋಡಿ ಎಂದು ಮಾರ್ಗದರ್ಶಕರು ಫೋನಿನಲ್ಲಿ ಹೇಳಿದರು. ಅದನ್ನು ತಿಳಿಸಲು ಹೋದ ದಿನ ಗೋವಿಂದಣ್ಣ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದರು. "ನಿಮ್ಮ ಹೆಸರನ್ನೇ ಅವರಿಗೆ ಹೇಳೋಕಾಗ್ತಿಲ್ಲ. ಇನ್ನು ಕಷ್ಟ" ಎಂದೆ.

ಅವರು ಕೈಲಿದ್ದ ಬಲೆ ಬಿಟ್ಟರು. "ಮದಿ ಆದಾಗಿಂದ ಅವ್ಳ್ ನನ್ ಹೆಸ್ರ್ ಹೇಳ್ಲೇ ಇಲ್ಲೆ ಮೇಡಂ. ಗಂಡನ್ ಹೆಸ್ರ್ ಹೇಳುಕಾಗ ಅಂತ್ರ್ ನಮ್ಮಲ್ಲಿ. ರೇಷನ್ ಅಂಗ್ಡಿಯಲ್ಲೂ ಕೈ ಮಾಡಿ ನನ್ನೇ ತೋರ್ಸ್ತಿದ್ಲ್."

ನನ್ನ ಅಜ್ಜಿಯೂ ಅಜ್ಜನ ಹೆಸರೆತ್ತಿದವಳಲ್ಲ. ಕಾರ್ಡಿನಲ್ಲಿ ಅಚ್ಚಾಗಿದ್ದ ಪ್ರಶ್ನೆ ಅದನ್ನೂ ಮರೆಸಿತ್ತು.

"ಹಾಗಾದ್ರೆ ಏನಂತ ಕರೀತಿದ್ರು?"

"ಎಂತ ಕರೂದ್? ಹ್ವಾಯ್ ಅಂದೇಳಿ." ಆಮೇಲೆ ದನಿ ತಗ್ಗಿತು. "ಈಗ ಕಡಲಿಂದ ಬಂದ್ರೂ ಹಾಂಗೆ ಕರೂರ್ ಯಾರೂ ಇಲ್ಲೆ."

ಆ ಮಾತು ನನ್ನ ಕೋಣೆಗೂ ಸಲ್ಲುತ್ತಿತ್ತು.

ಮಾರ್ಗದರ್ಶಕರನ್ನು ಕಾಡಿ ಬೇಡಿ ಇನ್ನೊಂದಿಷ್ಟು ಸಮಯ ಪಡೆದೆ. ಕಾರ್ಡುಗಳನ್ನು ಒಳಗಿಟ್ಟು, ಗೋವಿಂದಣ್ಣ ಮನೆಯಲ್ಲಿರುವ ಹೊತ್ತಿಗೇ ಹೋಗತೊಡಗಿದೆ. ಅವರನ್ನು ಹಿತ್ತಲಿಗೆ ಕಳಿಸಿ, ಚಹಾಕ್ಕೆ ಕರೆಯಿರಿ ಎಂದು ಗುಲಾಬಿಯಕ್ಕನಿಗೆ ಹೇಳುವುದು, ಅಷ್ಟೇ ಪಾಠ. ಗುಲಾಬಿಯಕ್ಕ ಗೋಡೆಯಿಂದ ಇತ್ತ ತಿರುಗಿದರು. ಬಾಯಿ ತೆರೆಯುತ್ತಿದ್ದರು, ಬರೀ ಉಸಿರು ಬರುತ್ತಿತ್ತು.

ಯೋಜನೆ ಮುಗಿದ ಮೇಲೆ ಬೇರೊಂದು ಕೆಲಸದ ಸಂದರ್ಶನದಲ್ಲಿ, ಸಂಶೋಧನೆಯಲ್ಲಿ ಕಲಿತ ಯಾವ ಕೌಶಲ ಇಲ್ಲಿಗೆ ಒದಗುತ್ತದೆ ಎಂದು ಕೇಳಿದರು. "ಯಾರನ್ನಾದರೂ ಪರೀಕ್ಷಿಸುವ ಮೊದಲು, ಅವರ ಮನೆಯಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆಂದು ವಿಚಾರಿಸುವುದು" ಎಂದೆ. ಕೆಲಸ ಸಿಕ್ಕಿತು. ಕೊನೆಯ ಭೇಟಿಯ ಸಂಗತಿಯನ್ನು ಮಾತ್ರ ಅಲ್ಲಿ ಹೇಳಲಿಲ್ಲ.

ಆ ದಿನ ಗೋವಿಂದಣ್ಣ ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದಿದ್ದರು. ಬಸ್ಸು ಬಂದು ನಿಂತಿತ್ತು. ಹಿಂದಿನಿಂದ ಒಡಕು ದನಿಯಲ್ಲಿ, ಆದರೆ ಗಟ್ಟಿಯಾಗಿ ಕೇಳಿಸಿತು:

"ಹ್ವಾಯ್!"

ಇಬ್ಬರೂ ತಿರುಗಿದೆವು. ಬಾಗಿಲ ಚೌಕಟ್ಟು ಹಿಡಿದು ಗುಲಾಬಿಯಕ್ಕ ನಿಂತಿದ್ದರು. ಗೋವಿಂದಣ್ಣ ನನಗೆ ಹೋಗಿಬನ್ನಿ ಎನ್ನುವುದನ್ನೂ ಮರೆತು ಮನೆಯತ್ತ ಓಡಿದರು. ಈ ಊರಿನಲ್ಲಿ ನನ್ನನ್ನೂ ಯಾರಾದರೂ ಹಾಗೆ ಕೂಗಿ ಕರೆಯಲಿ ಎಂದು ಎಷ್ಟು ಆಸೆಪಟ್ಟಿದ್ದೆನೆಂದು, ತಿರುಗಿದ ಆ ಗಳಿಗೆಯಲ್ಲೇ ನನಗೆ ಗೊತ್ತಾದದ್ದು.

ಕರೆದದ್ದು ನನ್ನನ್ನಲ್ಲ. ನಾನು ಬಸ್ಸು ಹತ್ತಿದೆ.