ನಾಲ್ಕನೇ ರಾಶಿಯ ಗುಂಡಿ

ತಾಮ್ರದ ಗಣಿಯಲ್ಲಿ ಎಲ್ಲರೂ ಅವಳನ್ನು ಪೈಪಕ್ಕ ಎನ್ನುತ್ತಿದ್ದರು. ಒಡೆದ ಅದಿರನ್ನು ಗುಡ್ಡದಂತೆ ರಾಶಿ ಹಾಕಿ, ಮೇಲಿನಿಂದ ಸಣ್ಣ ಪೈಪುಗಳಲ್ಲಿ ಆಸಿಡ್ ಬೆರೆಸಿದ ನೀರನ್ನು ಹನಿಹನಿಯಾಗಿ ಬಿಟ್ಟರೆ, ತಾಮ್ರ ಕರಗಿ ನೀಲಿ ನೀರಾಗಿ ಬುಡದ ಕೊಳಕ್ಕೆ ಇಳಿಯುತ್ತದೆ. ಆ ಪೈಪುಗಳನ್ನು ನೋಡಿಕೊಳ್ಳುವುದು ಹದಿನಾರು ವರ್ಷಗಳಿಂದ ಅವಳ ಕೆಲಸ. ಆಸಿಡ್ ಅವಳ ಪ್ಯಾಂಟಿನ ಅಂಚನ್ನು ತೂತು ತೂತು ಮಾಡಿತ್ತು. "ಇದ್ರಲ್ಲಿ ಹಿಟ್ಟು ಜರಡಿ ಹಿಡೀಬಹುದು ಕಣೇ," ಎಂದು ಅವಳ ಅತ್ತೆ ಅದನ್ನು ತಾವೇ ಒಗೆದು ಹಿತ್ತಲ ಮೊಳೆಗೇ ನೇತುಹಾಕುತ್ತಿದ್ದರು.

ಆ ವರ್ಷ ನಾಲ್ಕನೇ ರಾಶಿಯ ನೀರು ಬಣ್ಣಗೆಟ್ಟಿತು. ಪ್ರಯೋಗಾಲಯದಲ್ಲಿ ಅಳೆದವಳು ನಾನೇ. ಬರಬೇಕಾದ ತಾಮ್ರದ ಅರ್ಧವೂ ಬರುತ್ತಿರಲಿಲ್ಲ. ಮ್ಯಾನೇಜರು ಆಸಿಡ್ ಹೆಚ್ಚಿಸಿದರು. ರಾಶಿಯ ನೆತ್ತಿಯ ಮೇಲೆ ಅದು ಹೊಂಡಗಟ್ಟಿ ನಿಂತಿತು. ತಿಂಗಳೊಳಗೆ ಸರಿಹೋಗದಿದ್ದರೆ ರಾಶಿಯನ್ನು ಮುಚ್ಚಿ, ಪೈಪಿನ ಹನ್ನೊಂದು ಜನರನ್ನೂ ಕೆಲಸದಿಂದ ತೆಗೆಯುವುದಾಗಿ ನೋಟಿಸು ಅಂಟಿಸಿದರು.

ಪೈಪಕ್ಕ ನೇರ ಆಫೀಸಿಗೆ ಹೋದಳು.

"ಸಾರ್, ಅದಿರು ಸುರಿಯೋ ಡಂಪರ್ ಲಾರಿಗಳು ರಾಶಿ ಮೇಲೇ ಓಡಾಡಿ ತುಳಿದು ಗಟ್ಟಿ ಮಾಡಿವೆ. ಆಸಿಡ್ ಎಷ್ಟು ಸುರಿದ್ರೂ ಒಳಗೆ ಇಳಿಯಲ್ಲ."

"ನೀನು ಪೈಪ್ ನೋಡ್ಕೊಮ್ಮ. ರಾಶಿ ನಾನು ನೋಡ್ಕೋತೀನಿ."

"ನೀವು ನೋಡಿದ್ರೆ ನಾನ್ಯಾಕೆ ಬಂದು ಹೇಳ್ಬೇಕಿತ್ತು?"

ಮರುದಿನ ಬೆಳಗ್ಗೆ ಅವಳು ಒಂದು ಮೂಲೆಯ ಪೈಪು ಮುಚ್ಚಿ ಗುದ್ದಲಿ ಹಿಡಿದಳು. ಮೊಣಕಾಲಾಳದಲ್ಲಿ ಸಿಮೆಂಟಿನಂಥ ಪದರ ಸಿಕ್ಕಿತು. ಅದನ್ನು ಒಡೆದು ಅಡಿಯಿಂದ ಒಂದು ಬಕೆಟ್ ಅದಿರು ತೆಗೆದು, ತಂದು ಮ್ಯಾನೇಜರ ಮೇಜಿನ ಮೇಲೆ ಕುಕ್ಕಿದಳು. ಧೂಳೆದ್ದಿತು.

"ಒಂಬತ್ತು ತಿಂಗಳು ನೀರು ಬಿಟ್ಟಿದೀವಿ ಸಾರ್. ಮುಟ್ಟಿ ನೋಡಿ, ಒಣಗಿದೆ."

ಅವರು ಬಕೆಟ್ ಮುಟ್ಟಲಿಲ್ಲ. "ಯಾರನ್ನ ಕೇಳಿ ತೋಡಿದೆ?"

"ಕೇಳಿದ್ರೆ ಬಿಡ್ತಿದ್ರಾ?"

ಅಂದೇ ಅವಳನ್ನು ಅಮಾನತು ಮಾಡಿದರು. ಬಕೆಟ್ಟನ್ನು ನಾನು ಪರೀಕ್ಷಿಸಿದೆ. ತಾಮ್ರವೆಲ್ಲ ಕಲ್ಲಿನಲ್ಲೇ ಇತ್ತು. ವರದಿಯನ್ನು ಮ್ಯಾನೇಜರಿಗೆ ಕೊಡದೆ ನೇರವಾಗಿ ಮೇಲಿನವರಿಗೆ ಕಳಿಸಿದೆ.

ಅಲ್ಲಿಂದ ಅಪ್ಪಣೆ ಬಂದು ರಾಶಿಯ ನೆತ್ತಿಯನ್ನು ಆಳವಾಗಿ ಅಗೆಸಿ ಸಡಿಲಗೊಳಿಸಿದರು. ಮೂರನೇ ವಾರಕ್ಕೆ ನೀರು ನೀಲಿಗೆ ತಿರುಗಿತು. ಗೋಡೆಯ ನೋಟಿಸು ಕಿತ್ತರು, ಹತ್ತು ಜನರ ಕೆಲಸ ಉಳಿಯಿತು. ಹನ್ನೊಂದನೆಯವಳ ಮನೆಗೆ, ಕೇಳದೆ ತೋಡಿದ್ದಕ್ಕೆ ಅವಳ ಹೆಸರಲ್ಲೇ ಟೈಪು ಮಾಡಿದ ಕ್ಷಮಾಪಣೆ ಪತ್ರ ಹೋಯಿತು. ಸಹಿ ಹಾಕಿದರೆ ಮಾತ್ರ ಕೆಲಸ.

"ಹಾಕಿದ್ರೆ ನಿನ್ನ ಜರಡಿ ಪ್ಯಾಂಟು ನೀನೇ ಒಗ್ಕೋಬೇಕು, ಹೇಳಿದೀನಿ," ಎಂದರು ಅತ್ತೆ.

ಪೈಪಕ್ಕ ಟೈಪಾದ ಸಾಲುಗಳನ್ನು ಹೊಡೆದುಹಾಕಿ ಕೆಳಗೆ ಬರೆದಳು: "ಗುಂಡಿ ತೋಡಿದ್ದು ನಾನೇ. ನೀರು ಇಳಿಯದಿದ್ದರೆ ಇನ್ನೂ ತೋಡುತ್ತೇನೆ." ಅದರಡಿ ಸಹಿ ಹಾಕಿ ಕಳಿಸಿದಳು.

ಮ್ಯಾನೇಜರು ಅದನ್ನು ನಾಲ್ಕು ದಿನ ಡ್ರಾಯರಿನಲ್ಲಿಟ್ಟರು. ಐದನೇ ದಿನ, ಡಂಪರುಗಳು ಓಡಾಡಿದ್ದ ಐದನೇ ರಾಶಿಯ ನೆತ್ತಿಯ ಮೇಲೂ ನೀರು ನಿಂತಿತು. ಕೆಲಸಕ್ಕೆ ಬರಲು ಅವಳಿಗೆ ಫೋನ್ ಹೋಯಿತು.

ಗೇಟಿನವನು ತಡೆದ. "ಕ್ಷಮಾಪಣೆ ಪತ್ರ ಇಲ್ದೆ ಬಿಡ್ಬಾರ್ದು ಅಂತ ಬರೆದಿದಾರಲ್ಲ ಅಕ್ಕಾ?"

"ಪತ್ರದಲ್ಲಿ ರಾಶಿ ಅಗೆಯೋಕಾಗುತ್ತೇನೋ? ತೆಗಿ ಗೇಟು," ಎಂದು ಅವಳು ಗುದ್ದಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

ಅವನು ತೆಗೆದ.