ಎತೆಲ್ವಿನಾಳ ನಾಲಗೆ

ಸುವಾರೆಸ್ ನದಿಯ ದಂಡೆಯ ಆಲೆಮನೆಗಳಲ್ಲಿ ಎತೆಲ್ವಿನಾ ಗಲ್ವಿಸಳ ನಾಲಗೆಗೆ ದೊಡ್ಡ ಹೆಸರಿತ್ತು. ಕಬ್ಬಿನ ಹಾಲಿನಲ್ಲಿ ಬೆರಳು ಅದ್ದಿ ನೆಕ್ಕಿದರೆ ಸಾಕು, ಹುಳಿ ಎಷ್ಟಿದೆ, ಸುಣ್ಣದ ತಿಳಿ ಎಷ್ಟು ಬೀಳಬೇಕು ಎಂದು ಹೇಳಿಬಿಡುತ್ತಿದ್ದಳು. ಹುಳಿ ಉಳಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜೋನಿಯಾಗಿ ಹರಿಯುತ್ತದೆ. ಸುಣ್ಣ ಹೆಚ್ಚಾದರೆ ಕಪ್ಪಿಟ್ಟು, ಬಾಯಿಗಿಟ್ಟರೆ ಸೋಪು ನೆಕ್ಕಿದ ಹಾಗಾಗುತ್ತದೆ. ಅವಳ ಬೆಲ್ಲ ಎರಡೂ ಆಗುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಮದುವೆಯ ಮಾತನ್ನೇ ಎತ್ತದೆ ಗಾಣವನ್ನೂ ತಮ್ಮ ಆರ್ಸೆನಿಯೊನನ್ನೂ ಅವಳೇ ಸಾಕಿದ್ದಳು.

ಐವತ್ತು ದಾಟಿದ ವರ್ಷ ಜ್ವರ ಬಂತು. ಜ್ವರ ಇಳಿಯಿತು, ಆದರೆ ನಾಲಗೆ ಹತ್ತಿಯಂತಾಗಿ ಹೋಯಿತು. ನಿಂಬೆಹಣ್ಣು ಕಚ್ಚಿದರೂ ನೀರು ಕುಡಿದಂತೆಯೇ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಸೌಟಿನಲ್ಲಿ ಹಾಲೆತ್ತಿ, "ನೀನೊಂಚೂರು ನೋಡಪ್ಪ," ಎಂದು ಆಳುಗಳ ಬಾಯಿಗೆ ಹಿಡಿದು, ಅವರ ಮುಖ ಎಷ್ಟು ಕಿವುಚಿತು ಎಂಬುದರ ಮೇಲೆ ಸುಣ್ಣ ಹಾಕುವುದನ್ನು ರೂಢಿಸಿಕೊಂಡಳು.

ಆ ಹೊತ್ತಿಗೇ ಆರ್ಸೆನಿಯೊ ನೆಲ್ಸಿಯನ್ನು ಮದುವೆಯಾಗಿ ಕರೆತಂದ. ಅವಳೂ ಗಾಣದವರ ಮನೆಯ ಹುಡುಗಿ. ಸಹಕಾರ ಸಂಘದವರು ನಡೆಸಿದ ತರಬೇತಿಗೆ ಹೋಗಿ ಬಂದವಳು. ಸೆರಗಿನ ಗಂಟಿನಂತೆ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಬಣ್ಣ ತಿರುಗುವ ಕಾಗದದ ಪಟ್ಟಿಗಳು. ಹಾಲಿಗೆ ಅದ್ದಿದರೆ ಹುಳಿಗೆ ಕೆಂಪು, ಸುಣ್ಣ ಹೆಚ್ಚಾದರೆ ನೀಲಿ.

"ಹುಳಿಗೆ ಸುಣ್ಣ ಸೇರಿದರೆ ಎರಡರ ಗುಣವೂ ಹೋಗುತ್ತೆ," ಎಂದು ಆಳುಗಳಿಗೆ ಹೇಳುತ್ತಿದ್ದಳು. "ಅವೆರಡೂ ಸೇರಿ ಒಂದು ಥರದ ಉಪ್ಪು ಆಗುತ್ತೆ, ಒಂದಿಷ್ಟು ನೀರಾಗುತ್ತೆ. ನೀರು ಕುದ್ದು ಹೋಗುತ್ತೆ. ಉಪ್ಪಲ್ಲಿ ಸುಮಾರು ಭಾಗ ಮೇಲೆ ತೇಲೋ ಕಸರಿನ ಜೊತೆ ಬಂದ್ಬಿಡುತ್ತೆ."

"ಕೇಳಿದ್ರೇನ್ರೋ," ಎಂದಳು ಎತೆಲ್ವಿನಾ ಒಲೆಯ ಆ ಕಡೆಯಿಂದ. "ನಮ್ಮ ರಾಣಿಯಮ್ಮ ಬೆಲ್ಲದಲ್ಲಿ ಉಪ್ಪು ಮಾಡ್ತಾಳಂತೆ. ನಾಳೆ ಸಂತೆಗೆ ಹೋಗೋರು ಉಪ್ಪಿನ ಮೂಟೆ ಹೊತ್ಕೊಂಡು ಹೋಗಿ."

ಎಲ್ಲರೂ ನಕ್ಕರು. ನೆಲ್ಸಿಯೂ ನಕ್ಕಳು. ಅದೇ ಎತೆಲ್ವಿನಾಳಿಗೆ ಉರಿದದ್ದು. ಒಂದು ಮಾತಿಗಾದರೂ ಅವಳು ಮುಖ ಸಣ್ಣದು ಮಾಡಿಕೊಳ್ಳಬಾರದೇ? ಅಕ್ಕ ಎಂದೂ ಕೇಳದ ಹಾಡೊಂದನ್ನು ಆರ್ಸೆನಿಯೊ ಗಾಣಕ್ಕೆ ಕಬ್ಬು ಕೊಡುತ್ತ ಗುನುಗತೊಡಗಿದ್ದ. ಆಳುಗಳು "ಕಾಗದ ಏನನ್ನುತ್ತೆ ತಾಯಿ?" ಎಂದು ನೆಲ್ಸಿಯ ಸುತ್ತ ನಿಲ್ಲುತ್ತಿದ್ದರು. ಒಲೆಯ ಬೂದಿಯಲ್ಲಿ ತನ್ನ ಕಾಲ ಬಳಿ ಮಲಗುತ್ತಿದ್ದ ನಾಯಿಯೂ ಈಗ ನೆಲ್ಸಿಯ ಕಡೆ. ಇಡೀ ಜೀವಮಾನ ನಾಲಗೆಯಿಂದ ಗಳಿಸಿದ್ದನ್ನು ಇವಳು ಕಾಗದದ ಚೂರಿನಿಂದ ಎತ್ತಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಗಾಣದ ಹಲ್ಲುಚಕ್ರ ಮುರಿಯಿತು. ರಿಪೇರಿಯಾಗುವ ತನಕ ಕಡಿದ ಕಬ್ಬು ಬಿಸಿಲಿಗೆ ಬಿದ್ದಿತ್ತು. ಗಾಣ ಮತ್ತೆ ತಿರುಗಿದ ಬೆಳಿಗ್ಗೆ ಹಾಲು ಹುಳಿಯಾಗಿಯೇ ಇಳಿಯಿತು. ಜೇಬಿನ ಕಾಗದ ಮುಗಿದಿದ್ದರಿಂದ ನೆಲ್ಸಿ ಬೇರೆ ತರಲು ಮನೆಗೆ ಹೋದದ್ದೇ ತಡ, ಎತೆಲ್ವಿನಾ ಕಾದ ಕೊಪ್ಪರಿಗೆಯಿಂದ ಸೌಟು ತುಂಬಿ ಆಳು ಬೆಲಾರ್ಮಿನೊನ ಬಾಯಿಗೆ ಹಿಡಿದಳು. ಅವನ ಮುಖ ಒಣಗಿದ ನಿಂಬೆಹಣ್ಣಿನಂತೆ ಮುರುಟಿತು. ಅಷ್ಟು ಹುಳಿಯೇ ಎಂದುಕೊಂಡು ಅವಳು ಸುಣ್ಣದ ತಿಳಿಯನ್ನು ಸುರಿದೇ ಸುರಿದಳು.

"ಅಯ್ಯಪ್ಪ, ಸೌಟು ಸುಡ್ತಿದೆಯಮ್ಮ," ಎಂದ ಬೆಲಾರ್ಮಿನೊ, ತುಟಿ ಒರೆಸಿಕೊಳ್ಳುತ್ತ.

ಕೊಪ್ಪರಿಗೆಯ ಹಾಲು ನೋಡನೋಡುತ್ತಲೇ ಕಂದಾಗಿ, ಕಪ್ಪಿಗೆ ತಿರುಗಿತು. ಆರ್ಸೆನಿಯೊ ಓಡಿ ಬಂದ. "ಏನಾಯ್ತಕ್ಕ?" ಹಿಂದಿನಿಂದ ಬಂದ ನೆಲ್ಸಿ ಕಾಗದ ಅದ್ದಿದಳು. ಕಡು ನೀಲಿ.

"ನಂದೇ ತಪ್ಪು ರೀ," ಎಂದಳು ನೆಲ್ಸಿ. "ಬೆಳಿಗ್ಗೆ ಸುಣ್ಣ ಕದಡಿಟ್ಟವಳು ನಾನು. ತಿಳಿ ಮಾಡೋದು ಮರೆತು ಗಟ್ಟಿಯಾಗಿ ಬಿಟ್ಟಿದ್ದೆ. ಅತ್ತಿಗೆಗೆ ಹೇಗೆ ಗೊತ್ತಾಗಬೇಕು?"

ಅವಳು ಹಿತ್ತಲಿನಿಂದ ಬುಟ್ಟಿ ತುಂಬ ಹುಳಿನಿಂಬೆ ತರಿಸಿ, ಹಿಂಡಿ ಹಿಂಡಿ ಹಾಕುತ್ತ, ಕಾಗದ ಅದ್ದುತ್ತ, ನೀಲಿ ತಿಳಿಯಾಗುವ ತನಕ ಬಿಡಲಿಲ್ಲ. ಬೆಲ್ಲ ಚಂದ ಬರಲಿಲ್ಲ, ಆದರೆ ಗಟ್ಟಿಯಾಯಿತು. ಎತೆಲ್ವಿನಾ ಕೈಕಟ್ಟಿಕೊಂಡು ನಿಂತು ನೋಡಿದಳು. ಸುಣ್ಣವನ್ನು ತಿಳಿಯಾಗಿಸಿಟ್ಟವಳು ತಾನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಹಿತ್ತಲಿನ ತೊಟ್ಟಿಯ ಹತ್ತಿರ ಅವಳು ನೆಲ್ಸಿಯನ್ನು ತಡೆದಳು. "ಯಾಕೆ ಸುಳ್ಳು ಹೇಳಿದೆ?"

ನೆಲ್ಸಿ ಬಟ್ಟೆ ಹಿಂಡುತ್ತಲೇ ಇದ್ದಳು. "ನಿಮ್ಮ ಬಾಯಿಗೆ ರುಚಿ ಇಲ್ಲ ಅತ್ತಿಗೆ. ನಾನು ಬಂದ ಹೊಸದರಲ್ಲೇ ಗೊತ್ತಾಯ್ತು. ಡಬ್ಬಿ ಗುರುತು ಸಿಗದೆ ನಿಮ್ಮ ಕಾಫಿಗೆ ಉಪ್ಪು ಹಾಕಿಬಿಟ್ಟಿದ್ದೆ."

"ನಿನ್ನ ಕಾಫಿ ಚೆನ್ನಾಗಿದೆ ಅಂತ ನಾನು ಯಾವತ್ತೂ ಹೇಳಿಲ್ಲ."

"ಹೇಳಲಿಲ್ಲ. ಲೋಟ ಖಾಲಿ ಮಾಡಿದ್ರಿ."

"ತಮ್ಮನಿಗೆ ಹೇಳಿದೀಯಾ?"

"ಇಲ್ಲ. ಹೇಳೋದಾದ್ರೆ ನೀವೇ ಹೇಳ್ಕೊಳ್ಳಿ."

ಎತೆಲ್ವಿನಾ ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತಳು. ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ವಯಸ್ಸು ಅವಳದು, ಕಾಗದ ಅವಳದು, ತಮ್ಮ ಅವಳವನು. ಈಗ ದೊಡ್ಡ ಮನಸ್ಸೂ ಅವಳದೇ ಆಯಿತು. ಹೊಟ್ಟೆಕಿಚ್ಚು ಪಡಲು ಇನ್ನೊಂದು ಸಿಕ್ಕಿತಲ್ಲ ಎಂದು ಅವಳಿಗೆ ಅಳುವೂ ಬಂತು, ನಗುವೂ ಬಂತು.

ಮರುದಿನ ಎಲ್ಲರೆದುರಿಗೆ, "ಜ್ವರದಲ್ಲಿ ನನ್ನ ನಾಲಗೆ ಹೋಯ್ತು," ಎಂದಳು. ಆರ್ಸೆನಿಯೊ ಏನೋ ಹೇಳಲು ಬಂದ. ಅವಳು ಕೈಯಲ್ಲೇ ತಡೆದಳು. "ಇನ್ಮೇಲೆ ಸುಣ್ಣ ನೆಲ್ಸಿ ನೋಡ್ಕೋತಾಳೆ. ಕೊನೆಯ ಕೊಪ್ಪರಿಗೆಗೆ ಮಾತ್ರ ಯಾರೂ ಕೈ ಹಾಕಬೇಡಿ."

ಹಾಲು ಒಂದರಿಂದೊಂದಕ್ಕೆ ದಾಟಿ ಬರುವ ಕೊಪ್ಪರಿಗೆಗಳ ಸಾಲಿನ ಕೊನೆಯದರಲ್ಲಿ ಪಾಕದ ಹದ ತಿಳಿಯುವುದು ಕಣ್ಣಿಗೆ, ಬೆರಳಿಗೆ. ತಣ್ಣೀರಿಗೆ ಬಿದ್ದ ತೊಟ್ಟು ಹೇಗೆ ಉಂಡೆಗಟ್ಟುತ್ತದೆ ಎಂಬುದಕ್ಕೆ ಯಾವ ಕಾಗದವೂ ಇರಲಿಲ್ಲ. ಅದನ್ನು ಕಲಿಸಿಕೊಡಿ ಎಂದು ನೆಲ್ಸಿ ಕೇಳಿದಳು. ಎತೆಲ್ವಿನಾ ಕಲಿಸಿದಳು, ಬೇಕೆಂದೇ ನಿಧಾನವಾಗಿ, ಇವತ್ತೊಂದು ನಾಳೆಯೊಂದು. ಹುಡುಗಿಯ ಬೆರಳು ಸುಟ್ಟಾಗ ಒಳಗೊಳಗೆ ಹಿತವೆನಿಸುತ್ತಿತ್ತು. ಮರುಗಳಿಗೆಗೆ ತಾನೇ ಎದ್ದು ಹೋಗಿ ಲೋಳೆಸರದ ತುಂಡು ತಂದು ಹಚ್ಚುತ್ತಿದ್ದಳು.

ಮುಂದಿನ ಸುಗ್ಗಿಯಲ್ಲಿ ವ್ಯಾಪಾರಿ ದೋನ್ ಪ್ಲಾಸಿದೊ ಹೊನ್ನಿನ ಬಣ್ಣದ ಬೆಲ್ಲದ ಅಚ್ಚೊಂದನ್ನು ಎತ್ತಿ ಹಿಡಿದು, "ಇದು ಯಾರ ಕೈಯದು?" ಎಂದು ಕೇಳಿದ.

"ಅತ್ತಿಗೆಯದು," ಎಂದಳು ನೆಲ್ಸಿ.

"ಸುಣ್ಣ ಅವಳದು," ಎಂದಳು ಎತೆಲ್ವಿನಾ, ಮುಖ ಗಂಟಿಕ್ಕಿಕೊಂಡೇ. "ಪಾಕ ನಂದು. ಸರಿಯಾಗಿ ಕೇಳಿಸ್ಕೊಳ್ಳಿ, ಊರಲ್ಲಿ ಹೇಳುವಾಗ ತಪ್ಪು ಹೇಳಬೇಡಿ."