ಒರೆಸಿ ಅಂದವಳು ನಾನು

ಬ್ಯಾಂಕಾಕಿನ ಆ ಹೆಣ್ಣುಮಗಳು ರಂಗೋಲಿ ಒರೆಸಿರಿ ಎಂದು ಹೇಳಲೇ ಇಲ್ಲ. ಹಾಗೆ ಹೇಳಿದವಳು ನಾನು. ಒಂಬತ್ತು ವರ್ಷದಿಂದ ನಮ್ಮ ಹಬ್ಬದೂಟಗಳಲ್ಲಿ ಎಲ್ಲರನ್ನೂ ಹೊಟ್ಟೆ ಹಿಡಿದು ನಗಿಸುತ್ತಿರುವ ಆ ಕಥೆ ಸುಳ್ಳು — ಪೂರ್ತಿ ಸುಳ್ಳಲ್ಲ, ನಡುವಿನ ಒಂದೇ ಒಂದು ಮಾತು ಸುಳ್ಳು. ಆದರೆ ಇಡೀ ಕಥೆ ನಿಂತಿರುವುದು ಆ ಒಂದು ಮಾತಿನ ಮೇಲೆ.

ಕಥೆ ನಮ್ಮ ನೀಲಾ ವೈನಿಯದು. ನನ್ನ ಅಣ್ಣನ ಹೆಂಡತಿ, ಹುಬ್ಬಳ್ಳಿಯವರು. ಟೊರಾಂಟೋ ಹತ್ತಿರದ ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಹದಿನೆಂಟು ವರ್ಷ ಪ್ಯಾಕಿಂಗ್ ಕೆಲಸ ಮಾಡಿದವರು. ಅಲ್ಲಿ ಶಿಫ್ಟಿನಲ್ಲಿ ಜೊತೆಗಿದ್ದವರೆಲ್ಲ ಪಂಜಾಬಿ ಹೆಣ್ಣುಮಕ್ಕಳು. ಹೀಗಾಗಿ ಕೆನಡಾಕ್ಕೆ ಬಂದು ವೈನಿ ಕಲಿತದ್ದು ಇಂಗ್ಲಿಷ್ ಅಲ್ಲ, ಪಂಜಾಬಿ! ಡಾಕ್ಟರ ಹತ್ತಿರ, ಮೊಮ್ಮಗಳ ಶಾಲೆಯಲ್ಲಿ, ಎಲ್ಲ ಕಡೆ ಅವರ ಪರವಾಗಿ ಇಂಗ್ಲಿಷ್ ಆಡುವವಳು ನಾನೇ. "ಏನಂತಾರ ಹೇಳು ಸುಮಿ" ಎಂದು ನನ್ನ ಕಡೆ ತಿರುಗುತ್ತಾರೆ, ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುತ್ತಾರೆ. ನಂಬಬಾರದು ಎಂಬ ಯೋಚನೆಯೇ ಅವರಿಗೆ ಎಂದೂ ಬಂದಿಲ್ಲ.

ಇನ್ನು ನಾನು. ಅಲ್ಲೇ ಸಮೀಪದ ಮೆಡೋವೇಲ್‌ನ ಒಂದು ಆಫೀಸಿನಲ್ಲಿ ದುಡಿದು ನಿವೃತ್ತಳಾಗುವ ಹೊತ್ತಿಗೆ ನನಗೆ ಚಿತ್ರ ಬಿಡಿಸುವ ಹುಚ್ಚು ಹಿಡಿದಿತ್ತು. ಪ್ರತಿ ಶನಿವಾರ ಕಮ್ಯುನಿಟಿ ಸೆಂಟರಿನಲ್ಲಿ ವಾಟರ್‌ಕಲರ್ ಕ್ಲಾಸು. ನಾನು ಕಲಾವಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಬೇರೆ ಯಾರಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಯಾರೂ ಅನ್ನುತ್ತಿರಲಿಲ್ಲ, ಅದು ಬೇರೆ ಮಾತು.

ಆ ವರ್ಷ ನಾವಿಬ್ಬರೂ ಹುಬ್ಬಳ್ಳಿಗೆ ಒಂದು ಮದುವೆಗೆ ಹೋಗಿದ್ದೆವು. ಮರಳುವಾಗ ಬ್ಯಾಂಕಾಕಿನಲ್ಲಿ ಆರು ದಿನ ಇಳಿಯುವ ಹಾಗೆ ನಾನೇ ಟಿಕೆಟ್ ಮಾಡಿಸಿದ್ದೆ. ಆ ಊರಿನ ಗ್ಯಾಲರಿಗಳ, ಕಲಾಕೇಂದ್ರಗಳ ಪಟ್ಟಿಯನ್ನು ಮೂರು ತಿಂಗಳು ಕೂತು ಬರೆದಿದ್ದೆ. ಯಾವ ದಿನ ಯಾವುದು, ಎಲ್ಲಿಂದ ದೋಣಿ, ಎಲ್ಲಿಂದ ಟ್ರೇನು, ಎಲ್ಲ. ನನ್ನ ಆರು ಚಿತ್ರಗಳನ್ನು ಸುರುಳಿ ಸುತ್ತಿ, ಒಂದು ರಟ್ಟಿನ ಕೊಳವೆಯಲ್ಲಿಟ್ಟು ಹೆಗಲಿಗೆ ಹಾಕಿಕೊಂಡಿದ್ದೆ. ಯಾಕೆ ಎಂದು ವೈನಿ ಕೇಳಿದಾಗ "ಸುಮ್ನ" ಎಂದೆ. ಸುಮ್ಮನೆ ಯಾರು ತರುತ್ತಾರೆ?

ಆ ಆರು ದಿನ ನಾವು ನಕ್ಕಷ್ಟು — ಇಲ್ಲ, ನಿಜ ಹೇಳಬೇಕು, ನನ್ನ ಜನ್ಮದಲ್ಲಿ ನಾನು ಅಷ್ಟು ನಕ್ಕಿದ್ದು ಮತ್ತೊಮ್ಮೆ ಇಲ್ಲ. ಬೆಳಗ್ಗೆ ಎದ್ದು ಹೋಟೆಲ್ ರೂಮಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ಕಾಲುವೆಯ ದೋಣಿ. ದೋಣಿ ದಂಡೆಗೆ ಬಂದು ಪೂರ್ತಿ ನಿಲ್ಲುವುದೇ ಇಲ್ಲ, ನಾವೇ ಹಾರಬೇಕು. ವೈನಿ ಸೀರೆ ಎತ್ತಿ ಕಟ್ಟಿ, "ಹಾರ್ತೀಯೋ ಇಲ್ಲೋ ಸುಮಿ!" ಎಂದು ನನಗಿಂತ ಮೊದಲು ಹಾರುತ್ತಿದ್ದರು. ದೋಣಿಯವನು ಚಪ್ಪಾಳೆ ತಟ್ಟುತ್ತಿದ್ದ.

ಮೊದಲ ದಿನ ಊರ ನಡುವಿನ ದೊಡ್ಡ ಗ್ಯಾಲರಿ. ಒಂದು ಗೋಡೆಯ ತುಂಬ ಬರೀ ಬಿಳಿ ಬಣ್ಣದ ಚಿತ್ರ. ನಾನು ಕೈ ಕಟ್ಟಿಕೊಂಡು, ತಲೆ ಒಂದು ಕಡೆ ವಾಲಿಸಿ ನೋಡುತ್ತಿದ್ದೆ. ವೈನಿ ಹತ್ತಿರ ಬಂದು ಪಿಸುಗುಟ್ಟಿದರು: "ಇದಕ್ಕಿನ್ನ ಬಣ್ಣಾ ಹಚ್ಚೂದೈತೇನು?" ನನಗೆ ನಗು ತಡೆಯಲಾಗಲಿಲ್ಲ. ಕಾವಲಿಗೆ ಕೂತಿದ್ದ ಹೆಂಗಸು ನಮ್ಮ ಕಡೆ ನೋಡಿ, ಏನೂ ತಿಳಿಯದಿದ್ದರೂ ನಕ್ಕುಬಿಟ್ಟಳು.

ಮುಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಅಕ್ಕಿ ಕೇರುವ ಚಿತ್ರವಿತ್ತು. ನಾನು ಪಕ್ಕದ ಚೀಟಿ ಓದುತ್ತ ನಿಂತೆ: ಯಾವ ಶೈಲಿ, ಯಾವ ಪ್ರಭಾವ. ವೈನಿ ಚೀಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಕೈ ತಪ್ಪೈತಿ ಇಕಿದು. ಮೊರಾ ಹಿಂಗ ಹಿಡದ್ರ ಅಕ್ಕಿ ಎಲ್ಲಾ ನೆಲಕ್ಕ" ಎಂದರು. ಎಂದು ಸುಮ್ಮನಾಗಲಿಲ್ಲ, ಆ ಕಾವಲಿನ ಹೆಂಗಸನ್ನು ಕರೆದು ಕೈಸನ್ನೆಯಲ್ಲಿ ತೋರಿಸಿದರು. ಆಕೆಯೂ ಹಳ್ಳಿಯವಳಿರಬೇಕು, ಕಣ್ಣರಳಿಸಿ ಹೌದು ಹೌದು ಎಂದು ತಲೆಯಾಡಿಸಿದಳು. ಮುಂದಿನ ಐದು ನಿಮಿಷ ಇಬ್ಬರೂ ಗ್ಯಾಲರಿಯ ನಟ್ಟನಡುವೆ ಇಲ್ಲದ ಮೊರ ಹಿಡಿದು ಇಲ್ಲದ ಅಕ್ಕಿ ಕೇರಿದರು. ಪ್ರವಾಸಿಗರು ಫೋಟೋ ತೆಗೆದುಕೊಂಡರು. ನಾನೂ ನಗುತ್ತಿದ್ದೆ. ಆದರೆ ನಗುತ್ತಿರುವಾಗಲೇ ಒಳಗೆ ಏನೋ ಚುರ್ ಅಂದಿತು. ಮೂರು ತಿಂಗಳು ಓದಿ ಬಂದವಳು ನಾನು, ಚಿತ್ರ ನೋಡುತ್ತಿರುವವರು ಅವರು.

ಎಲ್ಲ ಕಡೆ ಇದೇ ಆಯಿತು. ಬೊಂಬೆ ಮಾಡುವ ಮುದುಕ ಬೊಂಬೆಯ ಕೈಯನ್ನು ವೈನಿಯ ಕೈಗೆ ಕೊಟ್ಟು ಆಡಿಸಲು ಹೇಳಿದ. ನೇಕಾರರ ಕೇಂದ್ರದಲ್ಲಿ ಅವರನ್ನು ಮಗ್ಗದ ಮೇಲೆ ಕೂರಿಸಿದರು. ನನಗೆ ಎಲ್ಲರೂ ಬಹಳ ಮರ್ಯಾದೆಯಿಂದ ಟಿಕೆಟ್ ಕೊಟ್ಟರು.

ಐದನೆಯ ದಿನ ಸಂಜೆ ಕಾಲುವೆಯ ದಂಡೆಯ ಒಂದು ಹಳೆಯ ಮನೆಗೆ ಹೋದೆವು. ಅದನ್ನೇ ಕಲಾಕೇಂದ್ರ ಮಾಡಿದ್ದರು: ಮುಂದೆ ಬಾಗಿಲಿಗೆ ಹಾಸುಗಲ್ಲು, ಒಳಗೆ ದೊಡ್ಡ ಅಂಗಳ, ಸುತ್ತ ಚಿತ್ರಗಳು. ನೋಡಿಕೊಳ್ಳುತ್ತಿದ್ದವಳು ನನ್ನದೇ ವಯಸ್ಸಿನ ಹೆಣ್ಣುಮಗಳು, ಮೆತ್ತಗೆ ಇಂಗ್ಲಿಷ್ ಮಾತಾಡುವವಳು. ಧೈರ್ಯ ಮಾಡಿ ಕೊಳವೆ ಬಿಚ್ಚಿ ನನ್ನ ಆರು ಚಿತ್ರಗಳನ್ನೂ ಅವಳೆದುರು ಹರಡಿದೆ. ಅವಳು ಒಂದೊಂದನ್ನೂ ನೋಡಿದಳು. ಪಾಪ, ಅವಸರ ಮಾಡಲಿಲ್ಲ. ಕೊನೆಗೆ ಮುಗುಳ್ನಕ್ಕು, "ತುಂಬಾ ನೀಟಾಗಿವೆ" ಎಂದಳು.

ನೀಟಾಗಿವೆ! ಇಸ್ತ್ರಿ ಮಾಡಿದ ಬಟ್ಟೆಗೆ ಅನ್ನುವ ಮಾತು. ರಾತ್ರಿ ಊಟ ಸೇರಲಿಲ್ಲ ನನಗೆ. ವೈನಿ ಮಾತ್ರ, "ಚೊಲೊ ಅಂದ್ಲಲ್ಲ? ನಂಗೊತ್ತಿತ್ತು" ಎಂದು ನನಗಿಂತ ಹೆಚ್ಚು ಖುಷಿಪಟ್ಟರು. ಅವರಿಗೆ ನಾನು ಹಾಗೆಂದೇ ಅನುವಾದ ಮಾಡಿ ಹೇಳಿದ್ದೆ.

ಮರುದಿನ ಬೆಳಗ್ಗೆ ಅಲ್ಲಿಯೇ ಬೊಂಬೆಯಾಟವಿತ್ತು. ನಾವು ಒಂದು ತಾಸು ಮೊದಲೇ ಹೋಗಿಬಿಟ್ಟೆವು. ಅದೇ ಹೆಣ್ಣುಮಗಳು ಬಾಗಿಲ ಹಾಸುಗಲ್ಲಿಗೆ ನೀರು ಹಾಕಿ, ಉಜ್ಜಿ ತೊಳೆದು, ನಮಗೆ ಕೂರಲು ಹೇಳಿ ಒಳಗೆ ಹೋದಳು. ವೈನಿ ಕೂತರು. ಎದ್ದರು. ಮತ್ತೆ ಕೂತರು.

"ಅಲ್ಲ ಸುಮಿ, ಬಾಗಲಾ ಇಷ್ಟು ಚಂದಂಗ ತೊಳದು ಹಂಗ ಬಿಡತಾರೇನು? ಬಣಬಣ ಕಾಣತೈತಿ."

"ಅವರ ಬಾಗಲಾ ವೈನಿ, ನಿಮಗ್ಯಾಕ?"

"ಯಾರ ಬಾಗಲಾ ಆದ್ರೇನು, ಬಾಗಲಾ ಬಾಗಲಾನ."

ಹುಬ್ಬಳ್ಳಿಯಿಂದ ತಂದ ರಂಗೋಲಿ ಪುಡಿಯ ಒಂದು ಪೊಟ್ಟಣ, ಸೂಟ್‌ಕೇಸಿನ ಭಾರ ಹೆಚ್ಚಾಯಿತೆಂದು, ಅವರ ಕೈಚೀಲಕ್ಕೆ ಬಂದು ಅಲ್ಲೇ ಉಳಿದಿತ್ತು. ನಾನು ಬೇಡ ಬೇಡ ಅನ್ನುತ್ತಿರುವಂತೆಯೇ ವೈನಿ ಸೆರಗು ಸಿಕ್ಕಿಸಿ ಬಗ್ಗಿದರು. ಹದಿನೈದು ಚುಕ್ಕಿ. ಅರ್ಧ ತಾಸು ಕೂಡ ಆಗಲಿಲ್ಲ. ಒದ್ದೆ ಆರಿದ ಕಪ್ಪು ಕಲ್ಲಿನ ಮೇಲೆ, ಚುಕ್ಕಿಗಳನ್ನು ಸುತ್ತಿ ಸುತ್ತಿ ಬರುವ ಒಂದೇ ಎಳೆ — ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು, ಹಾಗೆ. ಅವರು ಹಾಕಿದ ರಂಗೋಲಿಯನ್ನು ನಾನು ಮೂವತ್ತು ವರ್ಷದಿಂದ ದಾಟಿಕೊಂಡು ಓಡಾಡಿದ್ದೇನೆ. ನಿಂತು ನೋಡಿದ್ದು ಅವತ್ತೇ. ಎಂಥ ಕೈ ಅದು!

ಆ ಹೆಣ್ಣುಮಗಳು ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಇದು, ಒಂದಕ್ಷರ ಮರೆತಿಲ್ಲ: "ಈ ಬಾಗಿಲಲ್ಲಿ ಇಷ್ಟು ಸುಂದರವಾದದ್ದನ್ನು ನಾನು ಕಂಡಿಲ್ಲ. ಶನಿವಾರ ನಮ್ಮ ಹೊಸ ಪ್ರದರ್ಶನ ಶುರುವಾಗುತ್ತದೆ. ಅವರು ಎರಡು ದಿನ ಉಳಿದು ಒಳಗೆ ಬರೆಯುತ್ತಾರಾ ಕೇಳಿ. ಅಂಗಳವನ್ನೆಲ್ಲ ಅವರಿಗೇ ಬಿಡುತ್ತೇವೆ. ಅವರ ಹೆಸರು ಹಾಕುತ್ತೇವೆ. ದಯವಿಟ್ಟು ಯಾರೂ ತುಳಿಯದ ಹಾಗೆ ನೋಡಿಕೊಳ್ಳಿ, ಕ್ಯಾಮೆರಾ ತರುತ್ತೇನೆ." ಓಡುತ್ತಲೇ ಒಳಗೆ ಹೋದಳು.

ವೈನಿ ನನ್ನ ಕಡೆ ತಿರುಗಿದರು. ಕೈಯೆಲ್ಲ ಬಿಳಿ ಪುಡಿ, ಮುಖದಲ್ಲಿ ಸ್ವಲ್ಪ ಹೆದರಿಕೆ, ಸ್ವಲ್ಪ ಆಸೆ. "ಏನಂತಾಳ ಹೇಳು ಸುಮಿ."

ಹೇಳಬೇಕಾಗಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಹೆಗಲ ಮೇಲೆ ಆ ಕೊಳವೆ, ಅದರೊಳಗೆ ಆರು ನೀಟಾದ ಚಿತ್ರಗಳು —

"ಹಿಂಗ ಬಾಗಲದಾಗ ಗೆರಿ ಹಾಕೂದು ಇಲ್ಲೆ ಚೊಲೊ ಅಲ್ಲಂತ. ಒರಸ್ರಿ ಅಂತಾಳ."

ವೈನಿಯ ಮುಖ ಬಾಡಿತು. "ಅಯ್ಯ ಯವ್ವಾ, ಎಂಥಾ ತಪ್ಪಾತು!" ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕುಡಿಯುವ ನೀರಿನ ಬಾಟಲಿ ಬಗ್ಗಿಸಿ, ಎರಡೂ ಕೈಯಿಂದ ಒರೆಸಿದರು. ಅವಸರ ಅವಸರವಾಗಿ, ಮಂದಿ ನೋಡಿಯಾರು ಎಂದು. ನಾನು ನಿಂತು ನೋಡಿದೆ. ತಡೆಯಲು ಎರಡು ನಿಮಿಷ ಸಮಯವಿತ್ತು, ತಡೆಯಲಿಲ್ಲ.

ಆಕೆ ಕ್ಯಾಮೆರಾ ಹಿಡಿದು ಬಂದಾಗ ಕಲ್ಲು ಮತ್ತೆ ಬರಿದಾಗಿತ್ತು. ಬಾಯಿಗೆ ಕೈ ಅಡ್ಡ ಹಿಡಿದು, "ಯಾಕೆ?" ಎಂದಳು. ನಾನು ಇಂಗ್ಲಿಷಿನಲ್ಲಿ, ಎಷ್ಟು ಸಲೀಸಾಗಿ, ಹೇಳಿದೆ: "ಅದು ನಮ್ಮ ಪದ್ಧತಿ. ಬರೆದವರೇ ಅಳಿಸುತ್ತಾರೆ. ಆಕೆಗೆ ಇನ್ನೊಮ್ಮೆ ಬರೆಯಲು ಮನಸ್ಸಿಲ್ಲ."

ಅವಳ ಕಣ್ಣು ತುಂಬಿತು. ವೈನಿಯ ಮುಂದೆ ನಿಂತು, ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿದಳು. ವೈನಿಯೂ ಕೈ ಜೋಡಿಸಿ, "ತಪ್ಪಾತ್ರೀ, ತಪ್ಪಾತು" ಎಂದು ಇನ್ನೂ ಹೆಚ್ಚು ಬಗ್ಗಿದರು. ಒಬ್ಬಳು ಗೌರವ ಕೊಡುತ್ತಿದ್ದಳು, ಒಬ್ಬರು ಕ್ಷಮೆ ಕೇಳುತ್ತಿದ್ದರು. ಇಬ್ಬರ ನಡುವೆ ನಿಂತ ನಾನು ಇಬ್ಬರಿಗೂ ಸುಳ್ಳು ಹೇಳಿದ್ದೆ.

ವೈನಿ ಆ ದುಃಖವನ್ನು ಇಟ್ಟುಕೊಂಡು ಕೂರುವವರಲ್ಲ. ಟೊರಾಂಟೋದಲ್ಲಿ ವಿಮಾನ ಇಳಿದು ವಾರದೊಳಗೆ ಅದನ್ನು ನಗೆಯ ಕಥೆ ಮಾಡಿದ್ದರು. "ಮಂದಿ ಬ್ಯಾಂಕಾಕಿಗೆ ಹೋಗಿ ಶಾಪಿಂಗ್ ಮಾಡಿ ಬರ್ತಾರ, ನಾ ನೆಲಾ ಒರಿಸಿ ಬಂದೆ ನೋಡ್ರಿ!" ಎಂದು ಒರೆಸುವ ಅಭಿನಯ ಬೇರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತ ಬಂದಿದ್ದೇನೆ. ಆದರೆ ನಮ್ಮ ಕನ್ನಡದವರು ರಾಜ್ಯೋತ್ಸವಕ್ಕೆ ಬಾಡಿಗೆಯ ಹಾಲ್ ಹಿಡಿದು, ಬಾಗಿಲಲ್ಲಿ ರಂಗೋಲಿ ಹಾಕಿರಿ ಎಂದು ಪ್ರತಿ ವರ್ಷ ಕೇಳಿದರೂ ವೈನಿ ಒಪ್ಪುವುದಿಲ್ಲ. "ಮಂದಿ ಜಾಗಾ ಹೊಲಸ ಮಾಡೂದು ಒಮ್ಮೆ ಸಾಕು" ಅನ್ನುತ್ತಾರೆ. ಅದನ್ನೂ ನಗುತ್ತಲೇ ಅನ್ನುತ್ತಾರೆ. ಆಗ ಮಾತ್ರ ನನಗೆ ನಗು ಬರುವುದಿಲ್ಲ.

ಹೋದ ತಿಂಗಳು ಅವರ ಮೊಮ್ಮಗಳು ಇರಾ ಈ ಕಥೆಯನ್ನು ಮೊದಲ ಸಲ ಕೇಳಿದಳು. ಎಂಟು ವರ್ಷದ ಹುಡುಗಿ. ಎಲ್ಲರೂ ನಗುವಾಗ ಅವಳು ನಗಲಿಲ್ಲ. "ದಟ್ಸ್ ಸೋ ಮೀನ್, ಅಜ್ಜಿ. ಆಕಿ ಕೆಟ್ಟಾಕಿ" ಎಂದಳು. ವೈನಿ ಅವಳ ತಲೆ ಸವರಿ, "ಇಲ್ಲವಾ, ಆಕಿ ಚೊಲೊ ಹೆಣಮಗಳು. ತಪ್ಪು ನಂದ" ಎಂದರು. ತಪ್ಪು ನಂದು ಎಂದು ಅವರ ಬಾಯಿಂದ ಅದೆಷ್ಟು ಸಲ ಕೇಳಿದ್ದೆನೋ. ಅವತ್ತು ಕೇಳಿಸಿಕೊಳ್ಳಲು ಆಗಲಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಬೋಲ್ಟನ್ನಿಗೆ ಹೋದೆ. ವೈನಿ ಒಬ್ಬರೇ ಇದ್ದರು, ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸಿ ಸೋಸುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ಅವರು ಸೊಪ್ಪಿನಿಂದ ಕೈ ತೆಗೆದರು.

"ಆಕಿ ಅಂದದ್ದ ಅಂದಂಗ ಹೇಳು."

ಹೇಳಿದೆ. "ಇನ್ನೊಮ್ಮೆ ಹೇಳು" ಎಂದರು. ಮತ್ತೆ ಹೇಳಿದೆ. ಎರಡನೆಯ ಸಲ ಅವರ ಮುಖ ಅರಳುತ್ತ ಹೋಯಿತು. ಒಂಬತ್ತು ವರ್ಷ ತಡವಾಗಿ ಬಂದ ಆ ಸಂತೋಷವನ್ನು ನಾನು ಕಣ್ಣಾರೆ ನೋಡಿದೆ. "ಅಂಗಳಾ ಪೂರಾ? ನನ್ನ ಹೆಸರು ಹಾಕಿ? ಅಷ್ಟು ದೊಡ್ಡ ಅಂಗಳಾ!" ಎಂದು ನಕ್ಕರು, ಬೆರಳ ಮೇಲೆ ಚುಕ್ಕಿ ಎಣಿಸಲು ಶುರು ಮಾಡಿದರು. ಎಣಿಸುತ್ತ ಎಣಿಸುತ್ತ ಬೆರಳು ನಿಂತಿತು.

"ಮತ್ತ ಆಕಿ ನಂಗ ಕೈ ಮುಗದ್ಲಲ್ಲ? ನಾ ಮಾಫ್ ಮಾಡಿದ್ಲು ಅಂದಕೊಂಡೆ."

ಅದನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಎದ್ದು ಹೋಗು ಅಂದರೆ ಹೋಗಲು ತಯಾರಾಗಿ ಕೂತಿದ್ದೆ.

"ಅಂಥಾ ಅಂಗಳಾ ಒಬ್ಬಾಕಿ ಕೈಲೆ ಆಗೂದಲ್ಲ ಸುಮಿ" ಎಂದರು ಕೊನೆಗೆ. "ನೀ ಖರೇ ಹೇಳಿದ್ರ, ನಾ ನಿನ್ನ ಬಿಟ್ಟು ಹಾಕತಿದ್ನೇನು? ಚುಕ್ಕಿ ನಾ ಇಡತಿದ್ದೆ, ಬಣ್ಣಾ ನೀ ತುಂಬತಿದ್ದಿ."

ಹೌದು, ಅವರು ಹಾಗೆಯೇ ಮಾಡುತ್ತಿದ್ದರು. ನನ್ನನ್ನು ಬಿಟ್ಟು ಅವರು ಎಂದೂ ಏನೂ ಮಾಡಿಲ್ಲ. ನಾನು ಮೆಂತ್ಯೆಯ ಕಟ್ಟು ಎಳೆದುಕೊಂಡು ಸೋಸಲು ಕೂತೆ. ಅವರು ಬೇಡ ಅನ್ನಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ.

ಇನ್ನು ಮೇಲೆ ಆ ಕಥೆ ಹೇಳುವ ಕೆಲಸ ನನ್ನದು. ಯಾರೂ ನಗದಿದ್ದರೂ ಪೂರ್ತಿ ಹೇಳುತ್ತೇನೆ.